ಕೊನೆಯಲ್ಲಿ ಯಾರೂ ಸಾಯದ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ಪದವಿಯ ಎರಡನೆಯ ವರ್ಷದ ತರಗತಿಗೆ ಕುಮಾರವ್ಯಾಸನ ವಿರಾಟಪರ್ವದ ಒಂದು ಭಾಗವನ್ನು ಪಾಠ ಹೇಳುತ್ತಿದ್ದೆ. ಮಳೆ ಹೋದ ವರ್ಷ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವವನ್ನು ಓದಿಸುವ ಪದ್ಧತಿಯುಂಟು. ಆ ಸಂಗತಿಯನ್ನು ಹೇಳಿ, ಬೃಹನ್ನಳೆ ಉತ್ತರಕುಮಾರನ ರಥವನ್ನು ಹೊಡೆದ ಸನ್ನಿವೇಶವನ್ನು ವಿವರಿಸಿದಾಗ ಹುಡುಗರೆಲ್ಲ ಎಂದಿನಂತೆ ನಕ್ಕರು. ಹಿಂದಿನ ಬೆಂಚಿನ ಒಬ್ಬ ಮಾತ್ರ ನಗಲಿಲ್ಲ. ತರಗತಿ ಬಿಟ್ಟ ಮೇಲೆ ಮೇಜಿನ ಬಳಿ ಬಂದು ನಿಂತುಕೊಂಡ.

"ಏನಪ್ಪ?" ಎಂದೆ.

"ಸಾರ್, ಗಂಡು ಗಂಡನ್ನು ಪ್ರೀತಿಸಿದ ಕಥೆಗಳು ಇಂಗ್ಲಿಷಿನಲ್ಲಿ ಇವೆಯಲ್ಲ, ಅಂಥವನ್ನು ನಾನು ಮೂರು ಓದಿದೆ. ಮೂರರಲ್ಲೂ ಒಬ್ಬ ಸಾಯುತ್ತಾನೆ. ಕೊನೆಯಲ್ಲಿ ಯಾರೂ ಸಾಯದ ಪುಸ್ತಕ ಒಂದಾದರೂ ಇದೆಯೇ ಸಾರ್?"

ಕೇಳುವಾಗ ಅವನು ನನ್ನ ಮುಖವನ್ನು ನೋಡಲಿಲ್ಲ; ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿಯನ್ನು ನೋಡುತ್ತಿದ್ದ. ನಾನು ಏನು ಮಾಡಿದೆನೆಂಬುದನ್ನು ಮರೆಮಾಚದೆ ಹೇಳಿಬಿಡುತ್ತೇನೆ. "ನೋಡೋಣಪ್ಪ, ಇನ್ನೊಮ್ಮೆ ಮಾತಾಡೋಣ" ಎಂದು, ಮುಂದಿನ ಗಂಟೆ ಹೊಡೆದ ನೆಪದಲ್ಲಿ ಹಾಜರಿ ಪುಸ್ತಕವನ್ನು ಎತ್ತಿಕೊಂಡು ಹೊರಟುಬಿಟ್ಟೆ. ಆ 'ಇನ್ನೊಮ್ಮೆ' ಬರಲೇ ಇಲ್ಲ. ಅವನು ಪರೀಕ್ಷೆ ಮುಗಿಸಿ ಊರು ಬಿಟ್ಟ.

ಉತ್ತರ ಗೊತ್ತಿದ್ದೂ ನಾನು ಹೇಳದೆ ಹೋದೆನೆಂದಲ್ಲ. ನನಗೆ ಗೊತ್ತೇ ಇರಲಿಲ್ಲ. ಆದರೆ ಗೊತ್ತಿಲ್ಲವೆಂದಾದರೂ ಹೇಳಬಹುದಾಗಿತ್ತು. ಆ ಕೊರಗಿನಿಂದಲೇ ನಾನು ಈ ಬಗೆಯ ಕಾದಂಬರಿಗಳನ್ನು ಹುಡುಕಿ ಓದತೊಡಗಿದೆ: ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವ ಪ್ರಣಯ ಕಾದಂಬರಿಗಳು, ಅಂಥ ಪ್ರೇಮವನ್ನು ಕಲ್ಪಿತ ಲೋಕಗಳಲ್ಲಿಟ್ಟು ಹೇಳುವ ಅದ್ಭುತ ಕಾದಂಬರಿಗಳು. ನಾನು ಇಂಗ್ಲಿಷ್ ಸಾಹಿತ್ಯದ ಪಂಡಿತನಲ್ಲ, ಕನ್ನಡದ ಮೇಷ್ಟರು. ಇಲ್ಲಿರುವುದು ಒಬ್ಬ ಸಾಮಾನ್ಯ ಓದುಗನ ಅಭಿಪ್ರಾಯ. ಆದರೆ ಓದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು: ಆ ಹುಡುಗ ಕೇಳಿದ್ದು ಬರಿಯ ರುಚಿಯ ಪ್ರಶ್ನೆಯಲ್ಲ, ಇತಿಹಾಸದ ಪ್ರಶ್ನೆ. ಈ ಕಥೆಗಳಲ್ಲಿ ಕೊನೆಯ ಪುಟದ ಸಾವನ್ನು ಬರೆದದ್ದು ಯಾವಾಗಲೂ ಕಾದಂಬರಿಕಾರನಲ್ಲ. ಎಷ್ಟೋ ಸಲ ಅದನ್ನು ಬರೆಸಿದ್ದು ಕಾನೂನು.

ಇಂಗ್ಲೆಂಡಿನಲ್ಲಿ ಗಂಡಸರ ನಡುವಣ ಸಂಬಂಧಕ್ಕೆ ೧೮೬೧ರವರೆಗೆ ಮರಣದಂಡನೆಯ ವಿಧಿಯೇ ಇತ್ತು. ಆ ವರ್ಷ ಅದು ಕಾರಾಗೃಹವಾಸಕ್ಕೆ ಇಳಿಯಿತು. ೧೮೮೫ರಲ್ಲಿ ಪಾರ್ಲಿಮೆಂಟು ಮತ್ತೊಂದು ವಿಧಿಯನ್ನು ಸೇರಿಸಿತು. ಖಾಸಗಿಯಾಗಿ ನಡೆದ ಯಾವ ಸಲಿಗೆಯನ್ನೂ ಅದರ ಬಲೆಗೆ ಹಾಕಬಹುದಾಗಿತ್ತು. ಹತ್ತು ವರ್ಷಗಳ ನಂತರ, ೧೮೯೫ರಲ್ಲಿ, ಆಸ್ಕರ್ ವೈಲ್ಡ್ ಈ ವಿಧಿಯ ಪ್ರಕಾರವೇ ಎರಡು ವರ್ಷದ ಕಠಿಣ ಶಿಕ್ಷೆಗೆ ಗುರಿಯಾದನು. ಆ ವ್ಯಾಜ್ಯಗಳಲ್ಲಿ ಅವನ ಕಾದಂಬರಿಯೇ ಅವನಿಗೆ ವಿರುದ್ಧವಾಗಿ ಎದ್ದು ನಿಂತಿತು. 'ಡೋರಿಯನ್ ಗ್ರೇಯ ಚಿತ್ರಪಟ' ೧೮೯೦ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಬಂದಾಗ ಪತ್ರಿಕೆಗಳು ಕಿಡಿ ಕಾರಿದ್ದವು. ಮರುವರ್ಷ ಪುಸ್ತಕವಾಗಿ ತರುವಾಗ, ಚಿತ್ರಕಾರನು ಡೋರಿಯನ್ನನ ಬಗ್ಗೆ ಹೇಳುವ ಪ್ರೇಮದ ಮಾತುಗಳನ್ನು ವೈಲ್ಡ್ ತಾನೇ ಮೆದುಗೊಳಿಸಿದ್ದನು. ಅಷ್ಟಾದರೂ ಎದುರು ಪಕ್ಷದ ವಕೀಲನು ಆ ಕಾದಂಬರಿಯನ್ನು ಮುಂದಿಟ್ಟು ನ್ಯಾಯಾಲಯದಲ್ಲಿ ಅವನನ್ನು ಪಾಟೀಸವಾಲು ಮಾಡಿದನು.

ಇಲ್ಲಿ ಗಮನಿಸಬೇಕಾದುದೇನೆಂದರೆ 'ಡೋರಿಯನ್ ಗ್ರೇ' ಒಂದು ಅದ್ಭುತ ಕಥೆ. ಮನುಷ್ಯನು ಯೌವನದಲ್ಲಿಯೇ ಉಳಿಯುತ್ತಾನೆ. ಮುಪ್ಪು, ಪಾಪ ಎಲ್ಲವೂ ಅಟ್ಟದ ಮೇಲೆ ಮುಚ್ಚಿಟ್ಟ ಚಿತ್ರಪಟಕ್ಕೆ ತಗಲುತ್ತವೆ. ಹೊರಗೆ ಸುಂದರವಾದ ಮುಖ, ಒಳಗೆ ಬೀಗ ಹಾಕಿದ ಕೋಣೆ. ಕಾನೂನಿನ ಭಯದಲ್ಲಿ ಬದುಕುತ್ತಿದ್ದ ಸಾವಿರಾರು ಜನರ ದಿನಚರಿಯೇ ಹಾಗಿತ್ತು. ನೇರವಾಗಿ ಹೇಳಲಾಗದ್ದನ್ನು ಮಾಟದ ಮಾತಿನಲ್ಲಿ ಹೇಳುವ ಈ ಉಪಾಯವು ಮುಂದೆ ನೂರು ವರ್ಷ ನಡೆದುಬಂದಿದೆ. ಆದರೆ ಡೋರಿಯನ್ ಸಾಯುತ್ತಾನೆ. ನನ್ನ ಶಿಷ್ಯನ ಲೆಕ್ಕಕ್ಕೆ ಇದು ಬರಲಾರದು.

ಅವನ ಲೆಕ್ಕಕ್ಕೆ ಬರುವ ಮೊದಲನೆಯ ದೊಡ್ಡ ಪುಸ್ತಕವೆಂದರೆ ಇ. ಎಂ. ಫಾರ್ಸ್ಟರನ 'ಮಾರಿಸ್'. 'ಎ ಪ್ಯಾಸೇಜ್ ಟು ಇಂಡಿಯಾ' ಬರೆದ, ೧೯೨೧ರಲ್ಲಿ ದೇವಾಸ್ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿದ್ದ ಫಾರ್ಸ್ಟರನನ್ನು ನಮ್ಮವರು ಬಲ್ಲರು. ಅವನು ೧೯೧೩ರಲ್ಲಿ ಮಿಲ್‌ಥಾರ್ಪ್ ಎಂಬ ಹಳ್ಳಿಗೆ ಹೋಗಿ ಎಡ್ವರ್ಡ್ ಕಾರ್ಪೆಂಟರನನ್ನು ಕಂಡನು. ಕಾರ್ಪೆಂಟರನು ಜಾರ್ಜ್ ಮೆರಿಲ್ ಎಂಬ ಕಾರ್ಮಿಕ ವರ್ಗದ ಸಂಗಾತಿಯೊಡನೆ ಯಾರಿಗೂ ಅಂಜದೆ ಸಂಸಾರ ಹೂಡಿದ್ದವನು. ಆ ಮನೆಯಿಂದ ಹಿಂದಿರುಗಿದ ಫಾರ್ಸ್ಟರ್ ಕೂಡಲೇ ಕಾದಂಬರಿಗೆ ಕೈಹಾಕಿ ಮರುವರ್ಷ ಮುಗಿಸಿದನು. ಷೇರುಪೇಟೆಯಲ್ಲಿ ಕೆಲಸ ಮಾಡುವ, ಅಷ್ಟೇನೂ ಬುದ್ಧಿವಂತನಲ್ಲದ ಮಾರಿಸ್. ಕೇಂಬ್ರಿಜ್ಜಿನಲ್ಲಿ ಅವನನ್ನು ಪ್ರೀತಿಸಿ, ಆಮೇಲೆ ಮದುವೆಯಾಗಿ ಗೌರವಸ್ಥನಾಗುವ ಕ್ಲೈವ್. ಕ್ಲೈವನ ಎಸ್ಟೇಟಿನಲ್ಲಿ ಬೇಟೆಯ ಕಾಡನ್ನು ಕಾಯುವ ಆಳು ಅಲೆಕ್. ಕೊನೆಗೆ ಮಾರಿಸ್ ಮತ್ತು ಅಲೆಕ್ ಸಮಾಜವನ್ನೇ ಬಿಟ್ಟು ಒಟ್ಟಿಗೆ ಹೊರಟುಹೋಗುತ್ತಾರೆ. ಯಾರೂ ಸಾಯುವುದಿಲ್ಲ.

ಈ ಪುಸ್ತಕವನ್ನು ಫಾರ್ಸ್ಟರ್ ಗೆಳೆಯರಿಗೆ ಓದಲು ಕೊಟ್ಟನೇ ಹೊರತು ಅಚ್ಚಿಗೆ ಕೊಡಲಿಲ್ಲ. ೧೯೬೦ರಲ್ಲಿ ಅದಕ್ಕೆ ಬರೆದ ಟಿಪ್ಪಣಿಯಲ್ಲಿ ಅವನು ಕಾರಣವನ್ನು ಬಿಚ್ಚಿ ಹೇಳಿದ್ದಾನೆ: ಸುಖಾಂತ ಮಾಡಲೇಬೇಕೆಂದು ತಾನು ಹಟ ತೊಟ್ಟಿದ್ದೆ, ಇಬ್ಬರೂ ಪ್ರಾಣ ಕಳೆದುಕೊಂಡಂತೆ ಬರೆದಿದ್ದರೆ ಪ್ರಕಟಣೆ ಸುಲಭವಾಗುತ್ತಿತ್ತು, ಸುಖದಿಂದಿರಲು ಬಿಟ್ಟರೆ ಅಪರಾಧವನ್ನು ಪುರಸ್ಕರಿಸಿದಂತಾಗುತ್ತದೆ ಎಂಬುದು ಅವನ ಮಾತಿನ ಭಾವ. ಅವನು ೧೯೭೦ರಲ್ಲಿ ತೀರಿಕೊಂಡನು. ಪುಸ್ತಕ ೧೯೭೧ರಲ್ಲಿ ಹೊರಬಂತು. ಮೂವತ್ತೈದರ ಹರೆಯದಲ್ಲಿ ಬರೆದ ಕೃತಿ ಐವತ್ತೇಳು ವರ್ಷ ಮೇಜಿನ ಖಾನೆಯಲ್ಲಿ ಕಾಯಿತು. ೧೯೨೪ರ ನಂತರ ಅವನು ಇನ್ನೊಂದು ಕಾದಂಬರಿಯನ್ನು ಪ್ರಕಟಿಸಲೇ ಇಲ್ಲ. ಗಂಡು ಹೆಣ್ಣಿನ ಪ್ರಣಯವನ್ನೇ ಬರೆಯುತ್ತಿರಲು ತನಗೆ ಬೇಸರ ಬಂದಿತ್ತೆಂದು ಅವನ ದಿನಚರಿಯಿಂದ ತಿಳಿಯುತ್ತದೆ. ಒಂದು ಕಾನೂನಿನಿಂದ ಸಾಹಿತ್ಯಕ್ಕೆ ಎಷ್ಟು ನಷ್ಟವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

'ಮಾರಿಸ್' ಫಾರ್ಸ್ಟರನ ಶ್ರೇಷ್ಠ ಕೃತಿಯಲ್ಲ. ಅಲೆಕ್ ಬರುವುದು ತಡವಾಗಿ. ಅವರಿಬ್ಬರ ಒಲವು ಬೆಳೆಯಲು ಬೇಕಾದಷ್ಟು ಪುಟಗಳನ್ನು ಕಾದಂಬರಿಕಾರ ಕೊಟ್ಟಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರು ಹೋಗುವುದು ಎಲ್ಲಿಗೆ? ಇಂಗ್ಲೆಂಡಿನ ಜನಪದ ಕಥೆಯ ಹಸಿರು ಕಾಡಿಗೆ, ರಾಬಿನ್ ಹುಡ್ಡನಂಥವರು ಅಡಗಿದ್ದ ಕಾಡಿಗೆ. ೧೯೧೪ರ ಇಂಗ್ಲೆಂಡಿನಲ್ಲಿ ಅಂಥ ಕಾಡು ಎಲ್ಲಿತ್ತು? ವಾಸ್ತವ ಕಾದಂಬರಿಯೊಂದು ಕೊನೆಯ ಅಧ್ಯಾಯದಲ್ಲಿ ಅಡಗೂಲಜ್ಜಿಯ ಕಥೆಯಾಗಿಬಿಡುತ್ತದೆ. ಮೊದಲ ಸಲ ಓದಿದಾಗ ಇದನ್ನು ದೋಷವೆಂದು ಗುರುತು ಹಾಕಿಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಈ ಇಬ್ಬರಿಗೆ ಮನೆ ಮಾಡಿಕೊಡಲು ನಿಜವಾದ ಭೂಪಟದಲ್ಲಿ ಜಾಗವಿರಲಿಲ್ಲ. ಆದ್ದರಿಂದ ಲೇಖಕ ಕಲ್ಪನೆಯ ಭೂಪಟಕ್ಕೆ ಹೋಗಬೇಕಾಯಿತು. ಪ್ರಣಯ ಕಾದಂಬರಿಯೂ ಅದ್ಭುತ ಕಾದಂಬರಿಯೂ ಈ ವಿಷಯದಲ್ಲಿ ಏಕೆ ಮತ್ತೆ ಮತ್ತೆ ಕೈ ಹಿಡಿದು ನಡೆಯುತ್ತವೆಂಬುದು ನನಗೆ ತಿಳಿದದ್ದು ಆ ಕಾಡಿನ ಅಂಚಿನಲ್ಲಿ.

ಇದೇ ಮಾತು ೧೯೨೮ನೆಯ ಇಸವಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಆ ವರ್ಷ ಲಂಡನ್ನಿನಲ್ಲಿ ಎರಡು ಪುಸ್ತಕಗಳು ಹೊರಟವು. ಜುಲೈ ತಿಂಗಳಲ್ಲಿ ರ‍್ಯಾಡ್‌ಕ್ಲಿಫ್ ಹಾಲ್ ಎಂಬಾಕೆಯ 'ದಿ ವೆಲ್ ಆಫ್ ಲೋನ್ಲಿನೆಸ್', ಅಕ್ಟೋಬರ್ ೧೧ರಂದು ವರ್ಜೀನಿಯಾ ವುಲ್ಫಳ 'ಆರ್ಲ್ಯಾಂಡೊ'. ಮೊದಲನೆಯದು ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಕಥೆಯನ್ನು ನೇರವಾಗಿ, ಗಂಭೀರವಾಗಿ ಹೇಳಿತು. ಅದರಲ್ಲಿ ಅಶ್ಲೀಲವೆನ್ನಬಹುದಾದ ಒಂದು ವರ್ಣನೆಯೂ ಇಲ್ಲ. ಆದರೂ ಪತ್ರಿಕಾ ಸಂಪಾದಕನೊಬ್ಬ, ಮಕ್ಕಳ ಕೈಗೆ ಈ ಪುಸ್ತಕ ಕೊಡುವುದಕ್ಕಿಂತ ವಿಷ ಕೊಡುವುದು ಮೇಲೆಂಬರ್ಥದ ಲೇಖನ ಬರೆದನು. ನವೆಂಬರಿನಲ್ಲಿ ವಿಚಾರಣೆ ನಡೆಯಿತು. ಫಾರ್ಸ್ಟರ್ ಮತ್ತು ವುಲ್ಫ್ ಪುಸ್ತಕದ ಪರವಾಗಿ ಸಾಕ್ಷಿ ಹೇಳಲು ನ್ಯಾಯಾಲಯಕ್ಕೆ ಹೋಗಿದ್ದರು. ಮ್ಯಾಜಿಸ್ಟ್ರೇಟನು ಸಾಹಿತಿಗಳ ಸಾಕ್ಷ್ಯವೇ ಬೇಡವೆಂದನು. ಪ್ರತಿಗಳನ್ನು ನಾಶಪಡಿಸಬೇಕೆಂದು ತೀರ್ಪಾಯಿತು. ಬ್ರಿಟನ್ನಿನಲ್ಲಿ ಆ ಪುಸ್ತಕ ಮತ್ತೆ ಅಚ್ಚಾದದ್ದು ೧೯೪೯ರಲ್ಲಿ.

'ಆರ್ಲ್ಯಾಂಡೊ'ವನ್ನು ಯಾರೂ ಮುಟ್ಟಲಿಲ್ಲ. ಅದರ ನಾಯಕನು ಎಲಿಜಬೆತ್ ರಾಣಿಯ ಕಾಲದ ಹುಡುಗ. ಮೂರು ಶತಮಾನಕ್ಕೂ ಹೆಚ್ಚು ಕಾಲ ಬದುಕುತ್ತಾನೆ. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ರಾಯಭಾರಿಯಾಗಿದ್ದಾಗ ಒಂದು ದೀರ್ಘ ನಿದ್ರೆಯಿಂದ ಎದ್ದು ನೋಡಿದರೆ ಹೆಣ್ಣಾಗಿದ್ದಾನೆ. ಆಮೇಲೆ ಏನೂ ಆಗದವಳಂತೆ ಊರಿಗೆ ಮರಳಿ ಬರುತ್ತಾಳೆ. ಗಂಡಾಗಿದ್ದಾಗ ಪ್ರೀತಿಸಿದ ಹೆಣ್ಣನ್ನು ಹೆಣ್ಣಾದ ಮೇಲೂ ಅವಳ ಮನಸ್ಸು ಬಿಡುವುದಿಲ್ಲ. ಇದು ವುಲ್ಫಳು ತಾನು ಪ್ರೀತಿಸಿದ ವೀಟಾ ಸ್ಯಾಕ್‌ವಿಲ್-ವೆಸ್ಟಳಿಗಾಗಿ ಬರೆದದ್ದು; ಪುಸ್ತಕದೊಳಗೆ ವೀಟಾಳ ಛಾಯಾಚಿತ್ರಗಳೇ ಇವೆ. ಹೆಣ್ಣೆಂಬ ಒಂದೇ ಕಾರಣಕ್ಕೆ ವೀಟಾಳಿಗೆ ತಂದೆಯ ಮನೆಯಾದ ನೋಲ್ ದಕ್ಕದೆ ಹೋಯಿತು. ವುಲ್ಫಳು ತನ್ನ ಕಥೆಯಲ್ಲಿ ಆರ್ಲ್ಯಾಂಡೊಗೆ ಮನೆಯನ್ನು ಮರಳಿ ಕೊಡಿಸಿದಳು. ನಿಜವನ್ನು ಗಂಭೀರವಾಗಿ ಹೇಳಿದ ಪುಸ್ತಕ ಬೆಂಕಿಗೆ. ಅದೇ ನಿಜವನ್ನು ನಗುತ್ತ, ಅದ್ಭುತದ ಅಂಗಿ ತೊಡಿಸಿ ಹೇಳಿದ ಪುಸ್ತಕ ಅಂಗಡಿಗೆ. ಇಷ್ಟಾಗಿಯೂ ಹಾಲಳ ಪುಸ್ತಕವನ್ನು ನಾನು ಕಷ್ಟಪಟ್ಟೇ ಓದಿ ಮುಗಿಸಿದೆನೆಂದು ಒಪ್ಪಿಕೊಳ್ಳಬೇಕು. ಶೈಲಿ ಭಾರ, ಸ್ವಮರುಕ ಹೆಚ್ಚು, ನಾಯಕಿ ಸ್ಟೀಫನ್ ತನ್ನ ಪ್ರಿಯೆಯನ್ನು ಒಬ್ಬ ಗಂಡಸಿಗೆ ಬಿಟ್ಟುಕೊಡುವ ತ್ಯಾಗ ನನಗೆ ರುಚಿಸಲಿಲ್ಲ. ಆದರೆ ಏಟು ತಿಂದದ್ದು ಆ ಪುಸ್ತಕ. 'ಆರ್ಲ್ಯಾಂಡೊ' ಓದಿ ಸಂತೋಷಪಡುವವರು ಅದರ ಋಣವನ್ನು ಮರೆಯಬಾರದು.

ಅಮೆರಿಕದಲ್ಲಿ ಕೊನೆಯ ಪುಟವನ್ನು ಕಾಯುತ್ತಿದ್ದದ್ದು ಅಂಚೆ ಇಲಾಖೆ. ಅಶ್ಲೀಲವೆಂದು ಕಂಡದ್ದನ್ನು ಅಂಚೆಯಲ್ಲಿ ಹೋಗದಂತೆ ತಡೆಯುವ ಅಧಿಕಾರ ಅದಕ್ಕಿತ್ತು. ೧೯೫೨ರಲ್ಲಿ ಮೇರಿಜೇನ್ ಮೀಕರ್ ಎಂಬಾಕೆ ವಿನ್ ಪ್ಯಾಕರ್ ಎಂಬ ಹೆಸರಿನಲ್ಲಿ 'ಸ್ಪ್ರಿಂಗ್ ಫೈರ್' ಎಂಬ ಅಗ್ಗದ ಆವೃತ್ತಿಯ ಕಾದಂಬರಿಯನ್ನು ಬರೆದಳು. ಕಾಲೇಜಿನ ಇಬ್ಬರು ಹುಡುಗಿಯರ ಪ್ರೇಮ ಅದರ ವಸ್ತು. ಸುಖಾಂತವಾದರೆ ಅಂಚೆಯವರು ಕಟ್ಟುಗಳನ್ನೇ ಹಿಡಿದಿಟ್ಟುಕೊಳ್ಳುತ್ತಾರೆಂದು ಪ್ರಕಾಶನದ ಸಂಪಾದಕರು ಎಚ್ಚರಿಸಿದ್ದನ್ನು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಆದ್ದರಿಂದ ಒಬ್ಬಳಿಗೆ ಹುಚ್ಚು ಹಿಡಿಯಬೇಕಾಯಿತು, ಇನ್ನೊಬ್ಬಳಿಗೆ ತಾನು ಪ್ರೀತಿಸಿಯೇ ಇರಲಿಲ್ಲವೆಂಬ ಜ್ಞಾನೋದಯವಾಗಬೇಕಾಯಿತು. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಆ ಅಂತ್ಯಕ್ಕೆ ನಾಚಿದ ಲೇಖಕಿ ಬಹುಕಾಲ ಮರುಮುದ್ರಣಕ್ಕೆ ಒಪ್ಪಲಿಲ್ಲ.

ಅದೇ ವರ್ಷ ಪೆಟ್ರೀಷಿಯಾ ಹೈಸ್ಮಿತ್ ಕ್ಲೇರ್ ಮಾರ್ಗನ್ ಎಂಬ ಗುಪ್ತನಾಮದಲ್ಲಿ 'ದಿ ಪ್ರೈಸ್ ಆಫ್ ಸಾಲ್ಟ್' ಪ್ರಕಟಿಸಿದಳು. ೧೯೪೮ರ ಕ್ರಿಸ್ಮಸ್ ಕಾಲದಲ್ಲಿ ಆಕೆ ನ್ಯೂಯಾರ್ಕಿನ ಒಂದು ದೊಡ್ಡ ಅಂಗಡಿಯ ಆಟಿಕೆಗಳ ವಿಭಾಗದಲ್ಲಿ ಕೆಲಸಕ್ಕಿದ್ದಾಗ, ತುಪ್ಪುಳಿನ ಕೋಟು ತೊಟ್ಟ ಗಿರಾಕಿಯೊಬ್ಬಳು ಬಂದು ಗೊಂಬೆ ಕೊಂಡು ಹೋದಳು. ಅಷ್ಟೇ ಸಾಕಾಯಿತು, ಕಥೆಯ ಚೌಕಟ್ಟು ಅಂದು ಸಂಜೆಯೇ ಹೊಳೆಯಿತು. ಕಾದಂಬರಿಯ ಕ್ಯಾರಲ್ ತನ್ನ ಮಗಳ ಮೇಲಿನ ಹಕ್ಕನ್ನು ಕಳೆದುಕೊಳ್ಳುತ್ತಾಳೆ. ಆದರೆ ತೆರೀಸಳನ್ನು ಕಳೆದುಕೊಳ್ಳುವುದಿಲ್ಲ. ಸುಖಕ್ಕೆ ಬೆಲೆ ತೆತ್ತ ಲೆಕ್ಕ ಪುಸ್ತಕದಲ್ಲಿ ಸರಿಯಾಗಿದೆ. ಅದಕ್ಕೇ ಕೊನೆಯ ಪುಟದ ಸಮಾಧಾನವನ್ನು ನಂಬಬಹುದು. ಈ ಬಗೆಯ ಪ್ರಣಯ ಕಾದಂಬರಿಗಳಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಇದೇ. ಹೈಸ್ಮಿತ್ ತನ್ನ ನಿಜನಾಮವನ್ನು ಅದಕ್ಕೆ ಹಾಕಿದ್ದು ೧೯೯೦ರಲ್ಲಿ. ಅಷ್ಟು ವರ್ಷಗಳ ಕಾಲ, ಹೆಸರೇ ಗೊತ್ತಿಲ್ಲದ ಲೇಖಕಿಗೆ ಓದುಗರು ಕೃತಜ್ಞತೆಯ ಕಾಗದಗಳನ್ನು ಬರೆದರು. ಅವರೆಲ್ಲರೂ ನನ್ನ ಶಿಷ್ಯನ ಪ್ರಶ್ನೆಯನ್ನೇ ಹೊತ್ತು ತಿರುಗುತ್ತಿದ್ದವರು.

ಇಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಆಕ್ಷೇಪವನ್ನು ಹೇಳಬೇಕು. "ಸುಖಾಂತವೆಂಬುದು ಸಿನಿಮಾದವರ ಹಂಬಲ. ಸಾಹಿತ್ಯಕ್ಕೇಕೆ ಅದು? ದುರಂತದಲ್ಲಿಯೇ ಘನತೆಯಿರುವುದು" ಎಂದರು ಅವರು. ಮಾತು ಕೇಳಲು ಚೆನ್ನಾಗಿದೆ. ಆದರೆ ನಮ್ಮ ಪ್ರಾಚೀನ ಆಲಂಕಾರಿಕರು ಇದಕ್ಕೆ ಉತ್ತರ ಕೊಟ್ಟಿಟ್ಟಿದ್ದಾರೆ. ಭರತಮುನಿ ಕರುಣರಸವನ್ನೂ ವಿಪ್ರಲಂಭ ಶೃಂಗಾರವನ್ನೂ ಬೇರ್ಪಡಿಸುತ್ತಾನೆ. ಎರಡರಲ್ಲಿಯೂ ಅಗಲಿಕೆಯುಂಟು, ಕಣ್ಣೀರುಂಟು. ವ್ಯತ್ಯಾಸವೇನು? ವಿಪ್ರಲಂಭದಲ್ಲಿ ಮತ್ತೆ ಕೂಡುವ ಅಪೇಕ್ಷೆಯಿದೆ. ಕರುಣದಲ್ಲಿ ಆ ಅಪೇಕ್ಷೆಯೇ ಇಲ್ಲ. ಶಕುಂತಲೆಯ ದುಃಖ ಎಷ್ಟೇ ದೊಡ್ಡದಾದರೂ ಅದು ಶೃಂಗಾರದ ದುಃಖ. ಈ ದೃಷ್ಟಿಯಿಂದ ನೋಡಿದರೆ, ಸಲಿಂಗ ಪ್ರೇಮಿಗಳ ಕಥೆಗೆ ಕಾನೂನು ಮಾಡಿದ ಅನ್ಯಾಯವೇನೆಂಬುದು ಹೊಳೆಯುತ್ತದೆ. ಅವರಿಗೆ ಶೃಂಗಾರವನ್ನೇ ನಿಷೇಧಿಸಿ, ಕರುಣವೊಂದನ್ನು ಮಾತ್ರ ಬಿಟ್ಟಿತು. ದುರಂತ ಘನವಾಗುವುದು ಸುಖವೂ ಸಾಧ್ಯವಿದ್ದಾಗ. ಬೇರೆ ದಾರಿಯೇ ಇಲ್ಲದ ಕಡೆ ಬರುವ ಸಾವು ದುರಂತವಲ್ಲ, ಬರಿಯ ರೂಢಿ. ಆ ಹುಡುಗ ನನ್ನಲ್ಲಿ ಸಿಹಿತಿಂಡಿ ಕೇಳಿರಲಿಲ್ಲ. ಅಪೇಕ್ಷೆಗೆ ಎಡೆಯಿರುವ ಕಥೆ ಕೇಳಿದ್ದ.

ಇಂಗ್ಲೆಂಡಿನಲ್ಲಿ ಕಾನೂನು ಸಡಿಲವಾದದ್ದು ೧೯೬೭ರಲ್ಲಿ. ಎರಡು ವರ್ಷಗಳ ನಂತರ, ೧೯೬೯ರಲ್ಲಿ, ಅಮೆರಿಕದ ಅರ್ಸುಲಾ ಲೆ ಗ್ವಿನ್ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಬರೆದಳು. ಹ್ಯೂಗೊ, ನೆಬ್ಯುಲಾ ಎಂಬ ಎರಡು ದೊಡ್ಡ ಬಹುಮಾನಗಳೂ ಅದಕ್ಕೆ ಬಂದವು. ಗೆಥೆನ್ ಎಂಬ ಹಿಮದ ಲೋಕ. ಅಲ್ಲಿಯ ಜನ ತಿಂಗಳಿನ ಬಹುಪಾಲು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವು ದಿನ ಮಾತ್ರ ಎರಡರಲ್ಲೊಂದಾಗುತ್ತಾರೆ. ಯಾವುದೆಂದು ಮೊದಲೇ ಹೇಳಲಾಗದು. ಹಲವು ಮಕ್ಕಳನ್ನು ಹೆತ್ತ ತಾಯಿಯೇ ಬೇರೆ ಮಕ್ಕಳಿಗೆ ತಂದೆಯೂ ಆಗಿರಬಹುದು. ಭೂಮಿಯಿಂದ ಹೋದ ಜೆನ್ಲಿ ಐ ಎಂಬ ದೂತನೂ, ದೇಶಭ್ರಷ್ಟನಾದ ಎಸ್ಟ್ರಾವೆನ್ ಎಂಬ ಮಂತ್ರಿಯೂ ಹಿಮದ ಬಯಲಿನಲ್ಲಿ ಜಾರುಬಂಡಿಯನ್ನು ಎಳೆಯುತ್ತ ವಾರಗಟ್ಟಲೆ ನಡೆಯುವ ಭಾಗ ನಾನು ಓದಿದ ಅತ್ಯುತ್ತಮ ಪ್ರೇಮಪ್ರಸಂಗಗಳಲ್ಲೊಂದು. ಅವರು ದೇಹದಿಂದ ಕೂಡುವುದೂ ಇಲ್ಲ.

ಆದರೆ ಆ ಜನರನ್ನೆಲ್ಲ ಲೆ ಗ್ವಿನ್ ಇಂಗ್ಲಿಷಿನ ಪುಲ್ಲಿಂಗ ಸರ್ವನಾಮದಿಂದಲೇ ಕರೆದಳು. ಓದುಗನ ಕಣ್ಣಿಗೆ ಗೆಥೆನ್ನಿನ ಜನರೆಲ್ಲ ಗಂಡಸರಾಗಿಯೇ ಕಂಡರು. ಅವಳು ಇದನ್ನು ಮೊದಲು ಸಮರ್ಥಿಸಿಕೊಂಡು, ಮುಂದೆ ತಪ್ಪೆಂದು ಒಪ್ಪಿಕೊಂಡಳು. ಆ ಲೋಕದಲ್ಲಿ ಸಲಿಂಗ ಪ್ರೇಮಕ್ಕೆ ಎಡೆಗೊಡದಿದ್ದುದೂ ತನ್ನ ಲೋಪವೆಂದಳು. ತನ್ನ ಬರಹವನ್ನು ತಾನೇ ಹೀಗೆ ತಿದ್ದಿಕೊಳ್ಳುವ ಪ್ರಾಮಾಣಿಕತೆ ದೊಡ್ಡದು. ವ್ಯಾಕರಣದ ಮೇಷ್ಟರಾದ ನನಗೆ ಇಲ್ಲೊಂದು ಸಂಗತಿ ತೋಚಿತು. ಕನ್ನಡದಲ್ಲಿ 'ಬಂದನು', 'ಬಂದಳು' ಎಂದು ಕ್ರಿಯಾಪದವೂ ಲಿಂಗವನ್ನು ಹೇಳಿಬಿಡುತ್ತದೆ. ಅಷ್ಟರ ಮಟ್ಟಿಗೆ ನಮ್ಮ ಕಷ್ಟ ಇಂಗ್ಲಿಷಿನವರಿಗಿಂತ ಹೆಚ್ಚು. ಆದರೆ 'ಅವರು ಬಂದರು' ಎಂದರೆ? ಗಂಡೋ ಹೆಣ್ಣೋ ಎಂಬುದು ಕೇಳುವವನಿಗೆ ಗೊತ್ತಾಗುವುದಿಲ್ಲ. ಗೌರವ ಮಾತ್ರ ಗೊತ್ತಾಗುತ್ತದೆ. ಲೆ ಗ್ವಿನ್ ಹುಡುಕಿ ಸೋತ ಸರ್ವನಾಮವನ್ನು ನಾವು ದಿನವೂ ಅತ್ತೆಮಾವಂದಿರಿಗೆ, ಮೇಷ್ಟರಿಗೆ ಬಳಸುತ್ತಿದ್ದೇವೆ. ಲಿಂಗವನ್ನು ಕೇಳದೆ ಮರ್ಯಾದೆ ಕೊಡುವ ಪದವೊಂದು ನಮ್ಮ ಭಾಷೆಯಲ್ಲಿ ಮೊದಲಿನಿಂದ ಇದೆ. ಅದನ್ನು ಯಾರಿಗೆ ಬಳಸುತ್ತೇವೆ ಎಂಬುದಷ್ಟೇ ಪ್ರಶ್ನೆ.

ಅಲ್ಲಿಂದ ಮುಂದೆ ಈ ಬಗೆಯ ಅದ್ಭುತ ಕಾದಂಬರಿಗಳು ಹೆಚ್ಚಿದವು. ೧೯೮೭ರಲ್ಲಿ ಎಲೆನ್ ಕುಶ್ನರ್ ಬರೆದ 'ಸ್ವೋರ್ಡ್ಸ್‌ಪಾಯಿಂಟ್' ಒಂದು ಕಲ್ಪಿತ ನಗರದ ಕಥೆ. ಅದರಲ್ಲಿ ಮಾಟವಿಲ್ಲ, ಮಂತ್ರವಿಲ್ಲ. ಕೂಲಿಗೆ ಕತ್ತಿ ಹಿಡಿಯುವ ರಿಚರ್ಡ್, ಓದು ಬಿಟ್ಟು ಬಂದ ಸಿಡುಕಿನ ಅಲೆಕ್ ಒಂದೇ ಮನೆಯಲ್ಲಿದ್ದಾರೆ. ಆ ಊರಿನಲ್ಲಿ ಯಾರೂ ಅದನ್ನು ಕುರಿತು ಹುಬ್ಬೇರಿಸುವುದಿಲ್ಲ. ಅದ್ಭುತವೆಂದರೆ ಅಷ್ಟೇ, ನೆರೆಹೊರೆಯವರ ಮೌನ. ೧೯೮೯ರಲ್ಲಿ ಮರ್ಸಿಡಿಸ್ ಲ್ಯಾಕಿಯ 'ಮ್ಯಾಜಿಕ್ಸ್ ಪಾನ್' ಬಂತು. ರಾಜ್ಯವನ್ನು ಕಾಯುವ ಮಾಂತ್ರಿಕ ವೀರನೇ ಸಲಿಂಗ ಪ್ರೇಮಿ ಎಂಬುದು ಆಗ ಸಣ್ಣ ಮಾತಲ್ಲ. ಎಷ್ಟೋ ಎಳೆಯ ಓದುಗರು ಅದನ್ನು ಎದೆಗೊತ್ತಿಕೊಂಡರು. ಆದರೆ ಅವನ ಪ್ರಿಯಕರ ಮೊದಲ ಸಂಪುಟದಲ್ಲಿಯೇ ಸಾಯುತ್ತಾನೆ, ಅವನು ಮೂರನೆಯದರಲ್ಲಿ. ಕಾನೂನು ಕೈಬಿಟ್ಟ ಮೇಲೂ ಹಳೆಯ ಅಭ್ಯಾಸ ಕೈಬಿಡಲಿಲ್ಲ. ಲ್ಯಾಕಿಯ ಬರವಣಿಗೆಯಲ್ಲಿ ಕಣ್ಣೀರು ಅತಿಯಾಯಿತೆಂದು ನನಗೆ ಅನಿಸುತ್ತದೆ. ಹದಿನೆಂಟು ವರ್ಷದವನಾಗಿ ಓದಿದ್ದರೆ ಹಾಗೆನ್ನುತ್ತಿದ್ದೆನೋ ಇಲ್ಲವೋ.

೨೦೧೧ರಲ್ಲಿ ಮ್ಯಾಡಲಿನ್ ಮಿಲ್ಲರ್ ಎಂಬ ಗ್ರೀಕ್, ಲ್ಯಾಟಿನ್ ಅಧ್ಯಾಪಿಕೆ, ಹೋಮರನ ಅಕಿಲೀಸನ ಕಥೆಯನ್ನು ಅವನ ಸಂಗಾತಿ ಪೆಟ್ರೋಕ್ಲಸನ ಬಾಯಿಂದ ಹೇಳಿಸಿದಳು. 'ದಿ ಸಾಂಗ್ ಆಫ್ ಅಕಿಲೀಸ್' ಮರುವರ್ಷ ಆರೆಂಜ್ ಬಹುಮಾನ ಪಡೆಯಿತು. ಇಬ್ಬರೂ ಸಾಯುತ್ತಾರೆ, ಆದರೆ ಇಲ್ಲಿ ಅವರನ್ನು ಕೊಲ್ಲುವುದು ಟ್ರಾಯ್ ಯುದ್ಧ, ಅವರ ಒಲವಲ್ಲ. ಮೂರು ಸಾವಿರ ವರ್ಷದ ಹಳೆಯ ಅಂತ್ಯವನ್ನು ಬದಲಿಸದೆ, ಅದರ ಅರ್ಥವನ್ನು ಬದಲಿಸಿದ ಚಾತುರ್ಯ ಅವಳದು. ಇನ್ನು ೨೦೨೦ರಲ್ಲಿ ಬಂದ ಟಿ. ಜೆ. ಕ್ಲೂನನ 'ದಿ ಹೌಸ್ ಇನ್ ದಿ ಸೆರೂಲಿಯನ್ ಸೀ' ಪೂರ್ಣ ಸುಖಾಂತ. ಸರ್ಕಾರಿ ಕಚೇರಿಯ ನಡುವಯಸ್ಸಿನ ಗುಮಾಸ್ತನೊಬ್ಬ, ಮಾಂತ್ರಿಕ ಮಕ್ಕಳ ಅನಾಥಾಲಯವನ್ನು ತನಿಖೆ ಮಾಡಲು ದ್ವೀಪಕ್ಕೆ ಹೋಗಿ, ಅಲ್ಲಿಯ ಮೇಲ್ವಿಚಾರಕನಲ್ಲಿ ಮನಸ್ಸಿಟ್ಟು, ಕೆಲಸ ಬಿಟ್ಟು ಅಲ್ಲೇ ನಿಲ್ಲುತ್ತಾನೆ. ಓದುವಾಗ ಹಿತವಾಗಿತ್ತು, ಮುಗಿದ ಮೇಲೆ ಬೆಲ್ಲದ ಪಾಕ ಸ್ವಲ್ಪ ಗಟ್ಟಿಯಾಯಿತೆನ್ನಿಸಿತು. ಇತ್ತೀಚಿನ ಎಷ್ಟೋ ಪುಸ್ತಕಗಳ ಮೇಲೆ ನನ್ನ ದೂರು ಇದೇ. ಅಡ್ಡಿಯೇ ಇಲ್ಲದ ಪ್ರೇಮಕ್ಕೆ ಕಥೆಯೂ ಇರುವುದಿಲ್ಲ. ಅಪೇಕ್ಷೆ ಇರಬೇಕಾದರೆ ಅಗಲಿಕೆಯೂ ಬೇಕು. ಹೈಸ್ಮಿತ್ ತನ್ನ ಪುಸ್ತಕದ ಹೆಸರಿನಲ್ಲಿಯೇ ಉಪ್ಪನ್ನಿಟ್ಟದ್ದು ಸುಮ್ಮನಲ್ಲ.

ಹಳೆಯ ಕಾವಲು ಎಲ್ಲೆಡೆ ಮುಗಿದಿದೆಯೆಂದು ತಿಳಿಯಬೇಕಾಗಿಲ್ಲ. ಚೀನಾದಲ್ಲಿ ಇಬ್ಬರು ಗಂಡಸರ ಒಲವನ್ನು ಹೇಳಿದ ಒಂದು ಜನಪ್ರಿಯ ಅದ್ಭುತ ಕಾದಂಬರಿ ೨೦೧೯ರಲ್ಲಿ 'ದಿ ಅನ್‌ಟೇಮ್ಡ್' ಎಂಬ ದೂರದರ್ಶನ ಧಾರಾವಾಹಿಯಾದಾಗ, ಒಲವು ಗೆಳೆತನವಾಗಿ ಇಳಿಯಬೇಕಾಯಿತು. ನೋಡುಗರು ಆ ಗೆಳೆತನದ ಕಣ್ಣೋಟಗಳಲ್ಲಿಯೇ ಮೂಲವನ್ನು ಓದಿಕೊಂಡರು. ವೈಲ್ಡನ ಕಾಲದ ಓದುಗರೂ ಹೀಗೆಯೇ ಓದುತ್ತಿದ್ದರು.

ನಮ್ಮ ದೇಶದ ಮಾತಿಗೆ ಬಂದರೆ, ಇಂಗ್ಲೆಂಡಿನ ಕಾನೂನೇ ೧೮೬೦ರ ದಂಡಸಂಹಿತೆಯ ೩೭೭ನೆಯ ಕಲಮಾಗಿ ಇಲ್ಲಿಗೂ ಬಂತು. ಇಂಗ್ಲೆಂಡ್ ೧೯೬೭ರಲ್ಲಿ ಸಡಿಲಿಸಿದ ಗಂಟನ್ನು ನಾವು ಇನ್ನೂ ಅರ್ಧ ಶತಮಾನ ಜೋಪಾನವಾಗಿಟ್ಟುಕೊಂಡೆವು. ಇಸ್ಮತ್ ಚುಗ್ತಾಯಿಯವರು ೧೯೪೨ರಲ್ಲಿ 'ಲಿಹಾಫ್' ಎಂಬ ಉರ್ದು ಕಥೆ ಬರೆದು ಲಾಹೋರಿನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಥೆಯಲ್ಲಿ ಅಶ್ಲೀಲವಾದ ಒಂದು ಶಬ್ದವನ್ನೂ ತೋರಿಸಲಾಗದೆ ಮೊಕದ್ದಮೆ ಬಿದ್ದುಹೋಯಿತು. ೩೭೭ನೆಯ ಕಲಮನ್ನು ದೆಹಲಿಯ ಉಚ್ಚ ನ್ಯಾಯಾಲಯ ೨೦೦೯ರಲ್ಲಿ ಮೊಟಕುಗೊಳಿಸಿತು. ೨೦೧೩ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ೨೦೧೮ರ ಸೆಪ್ಟೆಂಬರ್ ೬ರಂದು ಅದೇ ನ್ಯಾಯಾಲಯ, ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅದು ಅನ್ವಯಿಸದೆಂದು ತೀರ್ಪಿತ್ತಿತು. ಆ ೨೦೧೩ರಲ್ಲಿಯೇ ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಹೊರಬಂತೆಂಬುದನ್ನು ನೆನೆಯಬೇಕು. ಅದರ ಮೋಹನಸ್ವಾಮಿ ಹಿಮದ ಗೆಥೆನ್ನಿನವನಲ್ಲ, ಕಾನ್‌ಸ್ಟಾಂಟಿನೋಪಲ್ಲಿನವನಲ್ಲ. ನಮ್ಮ ಪಕ್ಕದ ಮನೆಯವನು. ಅವನು ಅಪಮಾನವನ್ನು ಉಣ್ಣುತ್ತಾನೆ, ಪ್ರೀತಿಸಿದವನು ಮದುವೆಯಾಗಿ ಹೋಗುವುದನ್ನು ನೋಡುತ್ತಾನೆ, ಆದರೂ ಬದುಕುತ್ತಾನೆ.

ಕಳೆದ ವರ್ಷ ಆ ಹುಡುಗ ಕಾಲೇಜಿಗೆ ಬಂದಿದ್ದ. ಹುಡುಗನೆನ್ನುವ ಹಾಗಿಲ್ಲ, ಕನ್ನಡಕ ಬಂದಿದೆ, ಹೊರ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಕ್ಯಾಂಟೀನಿನಲ್ಲಿ ಕಾಫಿ ತರಿಸಿ, "ನೀನು ಒಂದು ಪ್ರಶ್ನೆ ಕೇಳಿದ್ದೆಯಪ್ಪ, ನಾನು ಉತ್ತರ ಹೇಳಿರಲಿಲ್ಲ" ಎಂದೆ. ಜೇಬಿನಲ್ಲಿದ್ದ ಚೀಟಿಯನ್ನು ಕೊಟ್ಟೆ. ಮಾರಿಸ್, ಆರ್ಲ್ಯಾಂಡೊ, ದಿ ಪ್ರೈಸ್ ಆಫ್ ಸಾಲ್ಟ್, ಸ್ವೋರ್ಡ್ಸ್‌ಪಾಯಿಂಟ್, ಮೋಹನಸ್ವಾಮಿ ಎಂದು ಬರೆದಿದ್ದೆ. ಅವನು ಓದಿ ನಕ್ಕ. "ಎಲ್ಲ ಓದಿದ್ದೇನೆ ಸಾರ್. ಮೋಹನಸ್ವಾಮಿಗೆ ನ್ಯೂಸ್‌ಪೇಪರಿನ ರಟ್ಟು ಹಾಕಿಕೊಂಡು ಬಸ್ಸಿನಲ್ಲಿ ಓದಿದೆ. ಈಗ ರಟ್ಟು ತೆಗೆದಿದ್ದೇನೆ."

ಚೀಟಿಯನ್ನು ಮಾತ್ರ ಮಡಿಸಿ ಇಟ್ಟುಕೊಂಡ. ಆಮೇಲೆ ಕೇಳಿದ: "ಸಾರ್, ನಮ್ಮಜ್ಜಿ ಕಥೆ ಹೇಳುತ್ತಿದ್ದರು. ಏಳು ಸಮುದ್ರ ದಾಟಿ, ರಾಕ್ಷಸನ ಪ್ರಾಣವಿದ್ದ ಗಿಳಿಯನ್ನು ಹಿಡಿದು, ರಾಜಕುಮಾರ ಕೊನೆಗೆ ರಾಜಕುಮಾರಿಯನ್ನು ಕರೆತರುತ್ತಾನಲ್ಲ, ಅಂಥದು. ಆ ಕೋಟೆಯಲ್ಲಿ ಸೆರೆಯಿದ್ದವನು ಇನ್ನೊಬ್ಬ ರಾಜಕುಮಾರನಾಗಿದ್ದರೆ? ಅಂಥ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಬರೆಯುತ್ತಾರಾ ಸಾರ್?"

ಈ ಸಲ ಗಂಟೆ ಹೊಡೆದರೂ ನಾನು ಏಳಲಿಲ್ಲ. "ನನಗೆ ಗೊತ್ತಿಲ್ಲಪ್ಪ. ನೀನೇ ಏಕೆ ಬರೆಯಬಾರದು?" ಎಂದೆ. ಅವನು ಸೀಮೆಸುಣ್ಣದ ಡಬ್ಬಿಯನ್ನು ನೋಡಿದ ಹಾಗೆಯೇ ಸ್ವಲ್ಪ ಹೊತ್ತು ಕಾಫಿಯ ಲೋಟವನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿ, "ಬರೆದರೆ ನೀವು ಓದಿ ತಿದ್ದಿಕೊಡುತ್ತೀರಾ ಸಾರ್?" ಎಂದ.

ತಿದ್ದಿಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಕಾಗುಣಿತವನ್ನು ಮಾತ್ರ; ಕೊನೆಯ ಪುಟವನ್ನಲ್ಲ.